ಕೆಂಪಾಜಮ್ಮನ ಗೇಟ್‌ಪಾಸು

ಬೆಳಗಿನ ರೌಂಡ್ಸಿಗೆ ಬಂದ ಡಾಕ್ಟರು ಕೆಂಪಾಜಮ್ಮನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಸೊಸೆ ಪುಟ್ಟತಾಯಮ್ಮನ ಕಡೆ ತಿರುಗಿ, "ಇನ್ನು ನಮ್ಮ ಕೈಲಿ ಏನೂ ಇಲ್ಲಮ್ಮ. ಸಂಜೆ ದಾಟೋದು ಕಷ್ಟ. ಮನೆಗೆ ಕರ್ಕೊಂಡು ಹೋಗಿ," ಎಂದರು. ಮೈಸೂರಿನಲ್ಲಿ ಯಾವುದೋ ಆಪರೇಷನ್ ಇದೆಯೆಂದು ಅಲ್ಲಿಂದಲೇ ಕಾರು ಹತ್ತಿ ಹೋದರು.

ಪುಟ್ಟತಾಯಮ್ಮ ಅಳಲಿಲ್ಲ. ಅತ್ತರೆ ಹೊತ್ತು ಹೋಗುತ್ತದೆ, ಆ ದಿನ ಅವಳಲ್ಲಿ ಇಲ್ಲದ್ದೇ ಹೊತ್ತು. ಅತ್ತೆಯ ತಲೆಗೂದಲನ್ನು ಬೆರಳಲ್ಲೇ ಹಿಂದಕ್ಕೆ ಸವರಿ, ಮೂಗಿನ ಮೇಲಿನ ಆಮ್ಲಜನಕದ ಬಟ್ಟಲನ್ನು ಸರಿಮಾಡಿ, "ಅತ್ತೆ, ಊರಿಗೆ ಹೋಗುವ. ವಸಿ ಗಟ್ಟಿಯಾಗಿರು," ಎಂದು ಕಿವಿಯಲ್ಲಿ ಹೇಳಿ, ಗಂಡನನ್ನು ಹುಡುಕಿಕೊಂಡು ಹೊರಗೆ ಬಂದಳು.

ಹೆಗ್ಗಡದೇವನಕೋಟೆಯ ಸೀಮೆಯಲ್ಲಿ, ಅದರಲ್ಲೂ ಅಂತರಸಂತೆಯಿಂದಾಚೆ ಕಾಡಂಚಿನ ಊರುಗಳಲ್ಲಿ ಒಂದು ಕಟ್ಟಳೆ ಉಂಟು. ಹೊರಗೆ ಉಸಿರು ಬಿಟ್ಟವರನ್ನು ಮನೆಯ ಹೊಸಲು ದಾಟಿಸುವುದಿಲ್ಲ. ಬೀದಿಯಲ್ಲಿ ಚಪ್ಪರ ಹಾಕಿ, ಅಲ್ಲೇ ಮೀಯಿಸಿ, ಅಲ್ಲಿಂದಲೇ ಹೊತ್ತು ನಡೆಯುತ್ತಾರೆ. ಕೆಂಪಾಜಮ್ಮನ ಗಂಡ ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೋದಾಗ ಹಾಗೇ ಆಯಿತು. ತನ್ನ ಕೈಯಾರೆ ಕಂಬ ನಿಲ್ಲಿಸಿ ಕಟ್ಟಿದ ಮನೆಯ ಮುಂದೆ ಆ ಮನುಷ್ಯ ಹನಿಮಳೆಯಲ್ಲಿ ಗೋಣಿತಾಟಿನ ಕೆಳಗೆ ಮಲಗಿದ್ದ. ಹೊಸಲ ಒಳಗೆ ಕೂತ ಕೆಂಪಾಜಮ್ಮನಿಗೆ ತಾಟಿನಿಂದ ಹೊರಗೆ ಚಾಚಿದ ಅವನ ಪಾದಗಳು ಮಾತ್ರ ಕಾಣುತ್ತಿದ್ದವು. ಅವು ನೆನೆಯುತ್ತಿದ್ದವು. ಅಂದಿನಿಂದ ಅವಳು ಸೊಸೆಯ ಮುಂದೆ ಒಂದೇ ಮಾತನ್ನು ಹಬ್ಬ ಹರಿದಿನ ಎನ್ನದೆ ಹೇಳುತ್ತ ಬಂದಳು: "ನನ್ನ ಬೀದಿ ಹೆಣ ಮಾಡ್ಬ್ಯಾಡ ಕಣಮ್ಮಿ. ನನ್ನ ಉಸ್ರು ನಡುಮನೇಲೇ ಹೋಗ್ಬೇಕು."

"ನೀನೆಲ್ಲತ್ತೆ ಸಾಯ್ತೀಯ? ನನ್ನ ಮೊದ್ಲು ಕಳಿಸ್ಬುಟ್ಟು, ಸಾರಿಗೆ ಉಪ್ಪು ಸಾಲ್ದು ಅಂತ ಅಲ್ಲಿಗೂ ಹೇಳ್ಕಳಿಸ್ತೀಯ," ಎಂದು ಪುಟ್ಟತಾಯಮ್ಮ ಗೊಣಗುತ್ತಿದ್ದಳು. ಇಬ್ಬರಿಗೂ ದಿನಕ್ಕೊಂದು ಜಗಳವಾಗದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಆದರೂ ಒಬ್ಬರು ಉಣ್ಣದೆ ಇನ್ನೊಬ್ಬರು ತಟ್ಟೆ ಮುಂದೆ ಕೂತವರಲ್ಲ.

ಎರಡು ಸಾವಿರದ ಮೂರನೆಯ ಇಸವಿಯ ಮಳೆಗಾಲದ ಕೊನೆ ಅದು. ಕೆಂಪಾಜಮ್ಮ ಸೇರಿದ್ದ ಹೆಗ್ಗಡದೇವನಕೋಟೆಯ ನರ್ಸಿಂಗ್ ಹೋಮಿಗೆ ಯುಗಾದಿಯ ಹೊತ್ತಿಗೆ ಕಂಪ್ಯೂಟರು ಬಂದಿತ್ತು. ಅದನ್ನು ತಂದವನು ಮ್ಯಾನೇಜರ್ ಲಿಂಗರಾಜು. ಲಿಂಗರಾಜು ಅದಕ್ಕೆ ಮುಂಚೆ ಬಸ್‌ಸ್ಟ್ಯಾಂಡಿನ ಹತ್ತಿರ ಲಾಡ್ಜ್ ನೋಡಿಕೊಳ್ಳುತ್ತಿದ್ದ. ಲಾಡ್ಜಿಗೆ ರೂಮಿನ ಲೆಕ್ಕ ಬರೆಯುವ ಪ್ರೋಗ್ರಾಮನ್ನು ಮಾಡಿಕೊಟ್ಟಿದ್ದ ಮೈಸೂರಿನ ಹುಡುಗನನ್ನೇ ಕರೆಸಿ, ಅದಕ್ಕೇ ನಾಲ್ಕು ಹೊಲಿಗೆ ಹಾಕಿಸಿ ಆಸ್ಪತ್ರೆಗೆ ತೊಡಿಸಿದ್ದ. ಹಾಗಾಗಿ ಆ ಯಂತ್ರದ ಕಣ್ಣಿಗೆ ಮಂಚಗಳೆಲ್ಲ ರೂಮುಗಳು, ರೋಗಿಗಳೆಲ್ಲ ಗೆಸ್ಟುಗಳು. ಮಧ್ಯಾಹ್ನ ಹನ್ನೆರಡಾದರೆ ಅದರ ಲೆಕ್ಕದಲ್ಲಿ ಹೊಸ ದಿನ ಹುಟ್ಟುತ್ತಿತ್ತು. ಲಿಂಗರಾಜು ಅದರ ನೆತ್ತಿಗೆ ಕುಂಕುಮ ಇಟ್ಟು, ಪಕ್ಕದಲ್ಲಿ ಗಣಪತಿಯ ಪಟ ನಿಲ್ಲಿಸಿ, ದಿನಾ ಊದುಬತ್ತಿ ಹಚ್ಚುತ್ತಿದ್ದ. ಆ ಊದುಬತ್ತಿಯ ಗಂಧವೂ ನೆಲ ಒರೆಸಿದ ಫಿನಾಯಿಲಿನ ನಾತವೂ ಕಲೆತು, ಕೌಂಟರಿನ ಮುಂದೆ ನಿಂತವರ ಗಂಟಲಿಗೆ ಏನೋ ಅಡರಿದಂತಾಗುತ್ತಿತ್ತು.

ಪುಟ್ಟತಾಯಮ್ಮನೂ ಅವಳ ಗಂಡ ಮಾದೇವನೂ ಬಂದು ನಿಂತಾಗ ಅವರ ಮುಂದೆ ಸರಗೂರು ಕಡೆಯ ಒಬ್ಬ ಎಳೆಯ ಗಂಡಸು ಇದ್ದ. ಹೆಂಡತಿಗೆ ಹೆರಿಗೆಯಾಗಿತ್ತು. ಬಿಲ್ಲನ್ನು ಬೆಳಕಿಗೆ ಹಿಡಿದು ಕೇಳುತ್ತಿದ್ದ.

"ಇದ್ರಲ್ಲಿ ಎಕ್ಸ್‌ಟ್ರಾ ಪರ್ಸನ್ ಒಬ್ರು ಅಂತದಲ್ಲ ಸಾ, ಯಾರ್ ಸಾ ಅದು? ನಮ್ಮತ್ತೆ ಹೊರ್ಗಡೆ ಜಗಲಿ ಮ್ಯಾಲೆ ಮಲಗ್ತಿತ್ತು."

"ಮಗು ಕಣಯ್ಯ," ಎಂದ ಲಿಂಗರಾಜು. "ಬಂದಾಗ ಒಬ್ರು, ಹೋಗ್ವಾಗ ಇಬ್ರು. ಕಂಪ್ಯೂಟರ್ ತಾನಾಗೇ ಹಾಕ್ಕೊಂಡದೆ. ಅದು ಲೆಕ್ಕ ತಪ್ಪಲ್ಲ."

"ಅಂಗಾರೆ ವಟ್ಟೆ ಒಳ್ಗಿದ್ದಾಗ್ಲೂ ಇತ್ತಲ್ಲ ಸಾ, ಆ ಒಂಬತ್ ತಿಂಗ್ಳುದ್ದೂ ಹಾಕ್ಬುಡಿ!"

ನಿಂತವರೆಲ್ಲ ನಕ್ಕರು. ಲಿಂಗರಾಜು ಕೂಡ ನಕ್ಕ. ಆದರೆ ಬಿಲ್ಲು ಬದಲಾಗಲಿಲ್ಲ. ಆ ಗಂಡಸು ಕೂಸಿನ ಬಾಡಿಗೆ ಕಟ್ಟಿ ಹೋದ. ಭೂಮಿಗೆ ಬಿದ್ದ ಎಳೆಯ ಜೀವವನ್ನು ಯಾರೋ ಬೆರಳು ತೋರಿಸಿ ಎಣಿಸಿದ ಹಾಗೆ ಕಂಡಿತು ಪುಟ್ಟತಾಯಮ್ಮನಿಗೆ. ದೃಷ್ಟಿ ತೆಗೆಯುವವರಾದರೂ ಬೇಕಿತ್ತು ಆ ಕೂಸಿಗೆ ಎಂದುಕೊಂಡಳು.

ಗಾಜಿನ ಹಿಂದೆ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿಯ ಹೆಸರು ಮಾನಸ. ಕೋಟೆಯವಳೇ, ಪಿಯುಸಿ ಮುಗಿಸಿ ಸೇರಿದ್ದಳು. ಕೆಂಪಾಜಮ್ಮನ ಹೆಸರು ಕೇಳಿ ಕೀಲಿ ಒತ್ತಿದಳು.

"ಡಿಸ್ಚಾರ್ಜಿಗೆ ಕಾರಣ ಏನು ಹಾಕ್ಲಿ ಅಮ್ಮ?"

"ಡಾಕ್ಟ್ರೇ ಮನೆಗೆ ಕರ್ಕೊಂಡ್ ಹೋಗಿ ಅಂದವ್ರೆ ಕೂಸೆ. ದುಡ್ಡು ಈಗ್ಲೇ ಕಟ್ಬುಡ್ತೀವಿ. ಬ್ಯಾಗ ಚೀಟಿ ಕೊಟ್ಬುಡವ್ವ. ಜೀಪಲ್ಲಿ ಇಟ್ಕಳಾಕೆ ಒಂದು ಸಣ್ಣ ಸಿಲಿಂಡರೂ ಬೇಕು."

ಹೊಗೆಸೊಪ್ಪಿನ ದುಡ್ಡು ಕೈಗೆ ಬಂದ ಕಾಲ. ಮಾದೇವ ಅಂಗಿಯೊಳಗಿನ ಚೀಲವನ್ನು ಆಗಲೇ ಈಚೆ ತೆಗೆದು ಹಿಡಿದಿದ್ದ. ಕೊಡುವವನು ಎದುರಿಗೇ ಇದ್ದ, ತೆಗೆದುಕೊಳ್ಳುವವರೂ ಎದುರಿಗೇ ಇದ್ದರು. ನಡುವೆ ಆ ಪೆಟ್ಟಿಗೆ ಒಂದು ಕೂತಿತ್ತು.

"ಕಾರಣ ಹಾಕ್ದೆ ಬಿಲ್ ಬರಲ್ಲಮ್ಮ," ಎಂದಳು ಮಾನಸ. "ಗುಣ ಆಯ್ತು, ಬೇರೆ ಆಸ್ಪತ್ರೆಗೆ ಕಳಿಸಿದ್ದು..." ಮೂರನೆಯದನ್ನು ಅವಳು ಓದಲಿಲ್ಲ.

"ಗುಣ ಆಯ್ತು ಅಂತ್ಲೇ ಹಾಕು, ದೇವ್ರ ದಯ," ಎಂದ ಮಾದೇವ.

ಮಾನಸ ಒತ್ತಿದಳು. ಪೆಟ್ಟಿಗೆ ಕೊಂಯ್ ಎಂದಿತು. ಲಿಂಗರಾಜು ಬಗ್ಗಿ ನೋಡಿ, "ಒಪ್ಪಲ್ಲ," ಎಂದ. "ಆಕ್ಸಿಜನ್ ಮೇಲವ್ರಲ್ಲ, ಅದು ಇನ್ನೂ ಓಡ್ತಾ ಅದೆ. ಆಕ್ಸಿಜನ್ ತಗೊಳ್ತಿರೋರು ಗುಣ ಆಗವ್ರೆ ಅಂದ್ರೆ ಯಾರಾದ್ರೂ ನಂಬ್ತಾರಾ? ಇದು ಬುದ್ಧಿ ಇರೋ ಯಂತ್ರ ಕಣಮ್ಮ. ನಾವ್ ಹೇಳ್ದಂಗೆಲ್ಲಾ ಕೇಳಲ್ಲ. ಮನುಷ್ಯನಂಗೆ ತಾನೇ ಯೋಚ್ನೆ ಮಾಡ್ತದೆ."

"ಅಂಗಾರೆ ನೀವೂ ವಸಿ ಯೋಚ್ನೆ ಮಾಡಿ ಸ್ವಾಮಿ," ಎಂದಳು ಪುಟ್ಟತಾಯಮ್ಮ.

ಲಿಂಗರಾಜುವಿಗೆ ಚುರುಕ್ ಎಂದಿರಬೇಕು. ಆದರೂ ಅವನು ಕೆಟ್ಟವನಲ್ಲ. ತಾನೇ ಕೀಲಿಮಣೆ ಎಳೆದುಕೊಂಡು ಎರಡನೆಯ ಕಾರಣ ಒತ್ತಿದ. ಅದು ಆ ಬೇರೆ ಆಸ್ಪತ್ರೆಯ ಹೆಸರು ಕೇಳಿತು, ಕಳಿಸಿದ ಡಾಕ್ಟರ ಗುಟ್ಟಿನ ನಂಬರು ಕೇಳಿತು. ಡಾಕ್ಟರಿಗೆ ಫೋನು ಮಾಡಿದ. ಆಪರೇಷನ್ನಿನ ಕೋಣೆಯಲ್ಲಿದ್ದ ಅವರ ಮೊಬೈಲು ಮಲಗಿತ್ತು.

"ಕೈಲೇ ಬರ್ದು ಕೊಟ್ಬುಡಿ ಬುದ್ಧಿ. ಮೊದ್ಲೆಲ್ಲಾ ಅಂಗೇ ಅಲ್ವಾ ಕೊಡ್ತಿದ್ದುದು?" ಎಂದ ಮಾದೇವ.

"ಕೈಬಿಲ್ಲಿಗೆ ಓನರ್ ಬೀಗ ಹಾಕವ್ರೆ. ಕೈಲಿ ಬರ್ದು ದುಡ್ಡು ತಗೊಂಡ್ರೆ ಲಿಂಗರಾಜು ನುಂಗವ್ನೆ ಅಂತಾರೆ. ಚೀಟಿ ಇಲ್ದೆ ವಾಚ್‌ಮನ್ ಗೇಟೂ ತೆಗೆಯಂಗಿಲ್ಲ. ನನ್ನ ಕೈ ಕಟ್ಟಾಕ್ಬುಟ್ಟದೆ ಕಣಯ್ಯ ಇದು," ಎಂದು ಲಿಂಗರಾಜು ಕುಂಕುಮದ ನೆತ್ತಿಯನ್ನು ಒಮ್ಮೆ ತಟ್ಟಿದ. ಬೈದು ತಟ್ಟಿದನೋ ಮುದ್ದಿಗೆ ತಟ್ಟಿದನೋ ತಿಳಿಯಲಿಲ್ಲ.

ಹೊತ್ತು ಏರುತ್ತಿತ್ತು. ಪುಟ್ಟತಾಯಮ್ಮ ಒಳಗೆ ಓಡಿ ಹೋಗಿ ಅತ್ತೆಯನ್ನು ನೋಡಿಕೊಂಡು ಬಂದಳು. ಎದೆಯ ಮೇಲಿನ ಹೊದಿಕೆ ಏಳುತ್ತಿತ್ತು, ಇಳಿಯುತ್ತಿತ್ತು. ಭಗವಂತ ಕೊಟ್ಟ ಉಸಿರು, ಅವನು ಕರೆದಾಗ ಹೋಗುತ್ತದೆ. ಅದಕ್ಕೆ ಅವಳ ತಕರಾರಿರಲಿಲ್ಲ. ಕರೆಯುವವನಿಗೂ ಹೋಗುವವಳಿಗೂ ನಡುವೆ ಇವರು ಯಾರು, ಬಾಗಿಲಿಗೆ ಅಡ್ಡ ಕೂತಿರುವವರು?

ವಾಪಸು ಬಂದಾಗ ಮಾನಸ ಮ್ಯಾನೇಜರಿಗೆ ಮೆಲ್ಲಗೆ ಹೇಳುತ್ತಿದ್ದಳು. "ಸಾರ್, ಮೂರನೇದು ಒತ್ತಿದ್ರೆ ತಗೊಳ್ಳುತ್ತೆ. ಅದಕ್ಕೆ ಏನೂ ಕೇಳಲ್ಲ."

"ಯಾವ್ದವ್ವ ಅದು ಮೂರ್ನೇದು?" ಎಂದಳು ಪುಟ್ಟತಾಯಮ್ಮ.

ಹುಡುಗಿ ಗಾಜಿನ ಆಚೆ ತಲೆ ತಗ್ಗಿಸಿದಳು. ಲಿಂಗರಾಜುವೇ ಹೇಳಬೇಕಾಯಿತು. "ಮರಣ."

"ನಮ್ಮವ್ವ ಉಸ್ರಾಡ್ತಾವ್ಳೆ ಕಣಯ್ಯ!" ಮಾದೇವ ಕೂಗಿದ. ದನಿ ಎತ್ತಿ ಮಾತಾಡಿದ ಗಂಡಸಲ್ಲ ಅವನು. ಅವನ ಕೂಗಿಗೆ ಅವನೇ ಹೆದರಿ, ಕೈಯಲ್ಲಿದ್ದ ಚೀಲವನ್ನು ಎದೆಗೆ ಒತ್ತಿಕೊಂಡ.

"ನಂಗೊತ್ತಿಲ್ವಾ? ಬರೀ ಬಿಲ್ಲಿಗೆ ಕಣಪ್ಪ. ಒಂದ್ ಗುಂಡಿ ಒತ್ತೋದು ಅಷ್ಟೆ. ಬಿಲ್ ಬಂದ್ಬುಡ್ತದೆ, ಪಾಸ್ ಬಂದ್ಬುಡ್ತದೆ, ನಿಮ್ಮ ಪಾಡಿಗೆ ನೀವ್ ಹೋಗ್ತೀರಿ."

ಜೀಪು ತಂದಿದ್ದ ಸಣ್ಣಬೀರಯ್ಯ ಹಿಂದೆ ಬಂದು ನಿಂತಿದ್ದ. ಅದೇ ಊರಿನವನು, ವರಸೆಯಲ್ಲಿ ಮಾದೇವನಿಗೆ ಮಾವ. ಗಂಡಹೆಂಡಿರನ್ನು ಪಕ್ಕಕ್ಕೆ ಕರೆದ.

"ಒತ್ತಿಸ್ಬುಡ್ಲಾ ಮಾದೇವ. ನಮ್ಮ ದೊಡ್ಡವ್ವುನ್ ತಲೆಗೆ ಕಾಗೆ ಬಡೀತಲ್ಲ, ಏನ್ ಮಾಡ್ದೋ ನಾವು? ದೊಡ್ಡವ್ವ ಸತ್ತೋದ್ಲು ಅಂತ ಪಿರಿಯಾಪಟ್ಣಕ್ಕೆ ಅವ್ಳ ಮಗಳ ಮನೆಗೆ ಸುದ್ದಿ ಕಳಿಸ್ಲಿಲ್ವಾ? ಅವ್ಳು ಎದೆ ಬಡ್ಕಂಡು ಬಂದ್ಲು. ಬಂದು ನೋಡುದ್ರೆ ದೊಡ್ಡವ್ವ ಜಗಲಿ ಮ್ಯಾಲೆ ಎಲೆಅಡಿಕೆ ಹಾಕ್ಕಂಡು ಕೂತವ್ಳೆ! ಸುಳ್ಳು ಸಾವ್ ಸಾರುದ್ರೆ ಬಂದ ಗಂಡಾಂತರ ಅದರ್ ಜತೆಗೇ ಹೋಯ್ತದೆ. ಆಮೇಲೆ ಮರಿಮಕ್ಕಳ ಮೊಖ ನೋಡ್ಕಂಡೇ ಸತ್ಲು ಅವ್ಳು."

ಆ ಸೀಮೆಯಲ್ಲಿ ಇದು ಕಟ್ಟುಕಥೆಯಲ್ಲ. ಕಾಗೆ ನೆತ್ತಿ ಮುಟ್ಟಿದರೆ ಬದುಕಿದ್ದವರ ಸಾವನ್ನು ಸಾರಿ, ನೆಂಟರ ಕಣ್ಣಲ್ಲಿ ನೀರು ಹಾಕಿಸಿ, ಆ ಕಣ್ಣೀರಿನಲ್ಲಿ ಮೃತ್ಯುವನ್ನು ತೊಳೆದು ಕಳಿಸುವುದನ್ನು ಪುಟ್ಟತಾಯಮ್ಮನೇ ಕಂಡಿದ್ದಳು, ಅತ್ತೂ ಇದ್ದಳು. ಸಣ್ಣಬೀರಯ್ಯನ ಮಾತಿಗೆ ಅವಳ ಮನಸ್ಸು ವಾಲಿತು. ಗುಣವಾಗುತ್ತಾಳೆಂಬ ಆಸೆ ಇರಲಿಲ್ಲ. ಊರು ಮುಟ್ಟುವಷ್ಟು ಆಯಸ್ಸು ಗಟ್ಟಿಯಾದರೆ ಸಾಕಿತ್ತು.

ಆದರೆ ಒಂದು ವ್ಯತ್ಯಾಸ ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಸುಳ್ಳು ಸುದ್ದಿಯನ್ನು ಕೇಳಿ ಅಳುತ್ತ ಬಂದ ಮಗಳು, ಜಗಲಿಯ ಮೇಲೆ ತಾಯಿಯನ್ನು ಕಂಡು ನಗುತ್ತಾಳೆ, ಬೈಯುತ್ತಾಳೆ, ತಬ್ಬಿಕೊಳ್ಳುತ್ತಾಳೆ. ಆ ಪೆಟ್ಟಿಗೆಗೆ ಹೇಳಿದ್ದನ್ನು ಅದು ಎದ್ದು ಬಂದು ನೋಡುವುದಿಲ್ಲ.

"ಚಿಕ್ಕದೇವಮ್ಮ, ತಪ್ಪಿದ್ರೆ ನನ್ನ ಮ್ಯಾಲಿರ್ಲಿ," ಎಂದು ಪುಟ್ಟತಾಯಮ್ಮ ಆ ದೇವಿಯ ಬೆಟ್ಟದ ದಿಕ್ಕಿಗೆ ಕೈ ಮುಗಿದಳು. ಗಾಜಿನ ಹತ್ತಿರ ಬಂದು, "ಒತ್ತವ್ವ," ಎಂದಳು.

ಮಾನಸ ಒತ್ತಿದಳು. ಅಷ್ಟು ಹೊತ್ತು ಬಾಯಿ ಹೊಲಿದುಕೊಂಡಿದ್ದ ಪ್ರಿಂಟರು ಕಿರ್ರೋ ಎಂದು ಹಲ್ಲು ಕಡಿಯತೊಡಗಿತು. ಹಸಿವಾದದ್ದು ಉಣ್ಣಲು ಕೂತ ಹಾಗಿತ್ತು ಅದರ ಸಡಗರ. ಒಂದು ಬಿಲ್ಲಿಗೆ, ಒಂದು ವಾರ್ಡಿಗೆ, ಒಂದು ಗೇಟಿಗೆ, ಮೂರು ಕಾಗದ ಉದುರಿದವು. ಮಾದೇವ ದುಡ್ಡು ಕಟ್ಟಿದ. ಬಿಲ್ಲಿನಲ್ಲಿ ಯಾರೂ ಹೇಳದೆ, ಯಾರೂ ಮುಟ್ಟದೆ, ಶವ ಸಿದ್ಧಪಡಿಸಿದ್ದಕ್ಕೆ ಒಂದು ಮೊತ್ತ ತಾನಾಗಿ ಸೇರಿಕೊಂಡಿತ್ತು. ಕೆಳಗಡೆ, ಲಾಡ್ಜಿನ ಕಾಲದ್ದು, ಅಳಿಸಲು ಮರೆತದ್ದು: 'ತಮ್ಮ ವಾಸ್ತವ್ಯ ಸುಖಕರವಾಗಿತ್ತೆಂದು ನಂಬುತ್ತೇವೆ.' ಮಾದೇವ ಅಕ್ಷರ ಕೂಡಿಸಿ ಕೂಡಿಸಿ ಅದನ್ನು ಗಟ್ಟಿಯಾಗಿ ಓದಿದ. ಓದಿ ಮುಗಿಸಿ, ಕಾಗದವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದವನಂತೆ ನಿಂತ.

"ಸಿಲಿಂಡರು?" ಎಂದಳು ಪುಟ್ಟತಾಯಮ್ಮ.

ಮಾನಸ ಒತ್ತಿ ನೋಡಿದಳು. ಮತ್ತೆ ಒತ್ತಿದಳು. ಅವಳ ಮುಖ ಕಂದಿತು. "ಸಾರ್... ತಗೊಳ್ತಿಲ್ಲ. ಪೇಷಂಟ್ ಇಲ್ಲ ಅಂತಿದೆ."

ಲಿಂಗರಾಜು ನೋಡಿದ. ಸತ್ತವರ ಹೆಸರಿಗೆ ಆಮ್ಲಜನಕ ಬರೆಯಲು ಆ ಯಂತ್ರ ಒಪ್ಪಲಿಲ್ಲ. ಅದರ ಯೋಚನೆಯಲ್ಲಿ ತಪ್ಪೇನೂ ಇರಲಿಲ್ಲ.

"ಒಂದ್ ಕೆಲ್ಸ ಮಾಡುವ," ಎಂದ ಅವನು, ಹಣೆ ಒರೆಸಿಕೊಳ್ಳುತ್ತ. "ಹೊಸ್ದಾಗಿ ಅಡ್ಮಿಟ್ ಮಾಡ್ಕೊಳ್ತೀನಿ. ಆ ಹೆಸರಿಗೆ ಸಿಲಿಂಡರ್ ಕೊಟ್ಬುಟ್ಟು..."

"ಆಮ್ಯಾಲೆ?"

"ಆಮೇಲೆ ಡಿಸ್ಚಾರ್ಜ್."

"ಡಿಸ್ಚಾರ್ಜಿಗೆ ಕಾರಣ?"

ಲಿಂಗರಾಜು ಮತ್ತೆ ಹಣೆ ಒರೆಸಿಕೊಂಡ. ಪುಟ್ಟತಾಯಮ್ಮ ಅವನ ಮುಖವನ್ನೇ ನೋಡಿದಳು. ಓದು ಬರಹ ಬಲ್ಲ, ಹೆಂಡತಿ ಮಕ್ಕಳಿರುವ, ಹಣೆಯ ಮೇಲೆ ವಿಭೂತಿ ಇರುವ ಮನುಷ್ಯ. ಸಗಣಿ ತುಳಿದ ಕಾಲನ್ನಾದರೆ ತೊಳೆಯಬಹುದು. ಇದು ಯಾವ ಹೇಸಿಗೆ, ಇದು ಎಲ್ಲಿಗೆ ಮೆತ್ತಿದೆ, ಇದನ್ನು ಎಲ್ಲಿಂದ ತೊಳೆಯುತ್ತಾ ಬರುವುದು?

ಅಷ್ಟರಲ್ಲಿ, ಆಗಲೇ ಒಳಗೆ ಹೋಗಿದ್ದ ವಾರ್ಡಿನ ಕಾಗದ ಅವಳಿಗೆ ನೆನಪಾಯಿತು. ಓಡಿದಳು.

ಕೆಂಪಾಜಮ್ಮ ಮಂಚದ ಮೇಲೆ ಇರಲಿಲ್ಲ. ಮಂಚಕ್ಕೆ ಹೊಸ ಹಾಸಿಗೆಬಟ್ಟೆ ಬಂದಿತ್ತು. ಜ್ವರದ ಹುಡುಗಿಯೊಬ್ಬಳನ್ನು ಅವಳ ತಾಯಿ ಅಲ್ಲಿ ಮಲಗಿಸುತ್ತಿದ್ದಳು. ಕೆಂಪಾಜಮ್ಮನನ್ನು ಗೋಡೆಬದಿಯ ಸ್ಟ್ರೆಚರಿಗೆ ಇಳಿಸಿದ್ದರು. ಮೂಗಿನ ಮೇಲಿನ ಬಟ್ಟಲು ಇರಲಿಲ್ಲ. ನೀರಿನಿಂದ ತೆಗೆದು ಎಸೆದ ಮೀನಿನ ಹಾಗೆ ಅವಳ ಬಾಯಿ ತೆರೆದು ಮುಚ್ಚುತ್ತಿತ್ತು.

"ಉಸ್ರಾಡ್ತಾ ಇರೋರ್ಗೆ ಗಾಳಿ ಕಿತ್ತಾಕಿದ್ದೀಯಲ್ಲೇ, ನಿನ್ನ ಕೈ ಸೇದೋಗ!" ಎಂದು ಪುಟ್ಟತಾಯಮ್ಮ ಆಯಾಳ ಮೇಲೆ ಏರಿಹೋದಳು.

ಆಯಾ ಸಿದ್ದಲಿಂಗಮ್ಮ ವಯಸ್ಸಾದವಳು. ಹಿಂದಿನ ದಿನಗಳಲ್ಲಿ ಕೆಂಪಾಜಮ್ಮನ ಮೈ ಒರೆಸಿದವಳು, ಅವಳ ಬಾಯಿಂದ ಬೈಸಿಕೊಂಡು ನಕ್ಕವಳು. "ನಾನೂ ಕೇಳ್ದೆ ಕಣವ್ವ," ಎಂದಳು. "ಇನ್ನೂ ಉಸ್ರದಲ್ಲ ಸಿಸ್ಟ್ರೇ ಅಂತ ಕೇಳ್ದೆ. ಚೀಟಿ ಬಂದದೆ, ರೂಮ್ ಖಾಲಿ ಅಂತದೆ, ಕ್ಲೀನ್ ಮಾಡು ಅಂದ್ರು. ನನ್ನ ಬಾಯಿಗೇನ್ ಬೆಲೆ? ಬೆಳಿಗ್ಗೆ ಎದ್ದು ಮಾದಪ್ಪನ ಹೆಸ್ರು ಹೇಳ್ಕಂಡು ಬತ್ತೀನಿ ಕಣವ್ವ ಈ ಕೆಲ್ಸಕ್ಕೆ. ಅವ್ನು ನೋಡ್ತಾವ್ನೆ," ಎಂದು ಅಳತೊಡಗಿದಳು. ಸಣ್ಣ ಸಿಲಿಂಡರುಗಳಿದ್ದ ಕೋಣೆಯನ್ನು ಕೈ ತೋರಿಸಿದಳು. ಅದಕ್ಕೆ ಬೀಗ ಬಿದ್ದಿತ್ತು.

ಬೀಗ ಒಡೆಸುತ್ತ, ಬೈದಾಡುತ್ತ ನಿಲ್ಲಬಹುದಿತ್ತು. ನಿಂತರೆ ಅತ್ತೆ ಅಲ್ಲೇ, ಗೋಡೆಬದಿಯಲ್ಲೇ, ಚೀಟಿ ಹೇಳಿದಂತೆ ಆಗಿಬಿಡುತ್ತಿದ್ದಳು. ಪುಟ್ಟತಾಯಮ್ಮ ಬಾಯಿ ಮುಚ್ಚಿದಳು. "ಎತ್ತಿ," ಎಂದಳು ಗಂಡನಿಗೆ. ಮಾದೇವ ತಲೆಯ ಕಡೆ, ಸಣ್ಣಬೀರಯ್ಯ ಕಾಲಿನ ಕಡೆ ಹಿಡಿದರು. ಅವಳು ನಡುವಿಗೆ ಕೈ ಕೊಟ್ಟಳು. ಜೀಪಿನ ಹಿಂದುಗಡೆ ಹುಲ್ಲಿನ ಮೇಲೆ ಕಂಬಳಿ ಹಾಸಿತ್ತು. ಮಲಗಿಸಿ, ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಹೊರಗಿನ ಗಾಳಿ ತಾಗಿ ಕೆಂಪಾಜಮ್ಮನ ಉಸಿರು ಒಂದಿಷ್ಟು ಹದಕ್ಕೆ ಬಂದಂತೆ ಕಂಡಿತು.

ಗೇಟಿನಲ್ಲಿ ವಾಚ್‌ಮನ್ ಗುರುಮಲ್ಲಪ್ಪ ಪಾಸು ಇಸಿದುಕೊಂಡು ಓದಿದ. ಜೀಪಿನ ಹಿಂದಕ್ಕೆ ಬಂದು ಬಗ್ಗಿದ. ಮತ್ತೆ ಪಾಸು ನೋಡಿದ.

"ಇದ್ರಲ್ಲಿ ಶವ ಒಂದು ಅಂತದೆ. ಇಲ್ಲಿ ಉಸ್ರಾಡ್ತಾವ್ರಲ್ಲಮ್ಮ?"

"ಉಸ್ರಾಡ್ತಾ ಅವ್ರೆ ಕಣಣ್ಣ. ಅದುಕ್ಕೇ ಬ್ಯಾಗ ಬುಡು."

"ಅಂಗಾದ್ರೆ ಇದು ಇವ್ರ ಪಾಸಲ್ಲ. ಬದುಕಿರೋರ್ಗೆ ಬ್ಯಾರೆ ಪಾಸು ಕೊಡ್ತರೆ, ಹಸುರು ಬಣ್ಣದ್ದು. ಇದ್ರಲ್ಲಿ ಬದುಕಿರೋರ್ನ ಬುಟ್ಟೆ ಅಂತ ಗೊತ್ತಾದ್ರೆ ನಾಳೆ ನಾನೇ ಹೊರ್ಗಡೆ."

"ಅಯ್ಯೋ ಗುರುಮಲ್ಲಪ್ಪ, ಈಗ ಇವ್ಳನ್ನ ಸಾಯ್ಸಿ ತರ್ಬೇಕಾಗಿತ್ತೇನಯ್ಯ ನಿನ್ನ ಗೇಟಿಗೆ?" ಎಂದು ಸಣ್ಣಬೀರಯ್ಯ ಮುಂದಿನ ಸೀಟಿನಿಂದ ಗದರಿದ.

ಗುರುಮಲ್ಲಪ್ಪ ಮೆಟ್ಟಿಲ ಕಡೆ ನೋಡಿದ. ಅಲ್ಲಿ ಲಿಂಗರಾಜು ಬಂದು ನಿಂತಿದ್ದ. ಅವನ ಪಕ್ಕದಲ್ಲಿ ಓನರಿನ ಅಳಿಯ ಮೊಬೈಲು ಹಿಡಿದು ಮಾತಾಡುತ್ತ ಇತ್ತಲೇ ನೋಡುತ್ತಿದ್ದ. ಗುರುಮಲ್ಲಪ್ಪ ದನಿ ತಗ್ಗಿಸಿದ. ಪುಟ್ಟತಾಯಮ್ಮನ ಮುಖ ನೋಡದೆ, ನೆಲ ನೋಡುತ್ತ ಹೇಳಿದ. "ಮೊಖ ಮುಚ್ಚವ್ವ. ಮುಚ್ಚಿದ್ರೆ ನಾನೇನೂ ನೋಡ್ನಿಲ್ಲ. ನಂಗೂ ಮಕ್ಕಳವೆ."

ಮಾದೇವ ತಲೆ ತಿರುಗಿಸಿಕೊಂಡ. ಹೆತ್ತ ತಾಯಿಯ ಮುಖಕ್ಕೆ ಅವನ ಕೈ ಹೋಗುವಂತಿರಲಿಲ್ಲ. ಹಾಗಾಗಿ ಅದು ಸೊಸೆಯ ಪಾಲಿಗೇ ಬಂತು. ಪುಟ್ಟತಾಯಮ್ಮ ಸೆರಗನ್ನು ಬಿಡಿಸಿ ಎಳೆದಳು. ಅತ್ತೆಯ ಹಣೆಯ ಮೇಲೆ ಹಾಕಿದಳು, ಕಣ್ಣಿನ ಮೇಲೆ ಹಾಕಿದಳು, ತೆರೆದಿದ್ದ ಬಾಯಿಯ ಮೇಲೆ ಹಾಕಿದಳು. ಅರೆಗಣ್ಣು ತೆರೆದೇ ಇತ್ತೆಂದು ಅವಳಿಗೆ ಗೊತ್ತಿತ್ತು. ಬಟ್ಟೆ ಬಾಯೊಳಕ್ಕೆ ಎಳೆದುಕೊಳ್ಳುತ್ತಿತ್ತು, ಮತ್ತೆ ಉಬ್ಬುತ್ತಿತ್ತು. ಗುರುಮಲ್ಲಪ್ಪ ಅದನ್ನು ಕಂಡ. ಕಂಡು ಬೆನ್ನು ತಿರುಗಿಸಿ ಗೇಟು ಎಳೆದ. ಜೀಪು ಹೊರಗೆ ಬಂದು ರಸ್ತೆಗೆ ತಿರುಗುವವರೆಗೂ ಪುಟ್ಟತಾಯಮ್ಮ ಆ ಸೆರಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಅತ್ತೆಯ ಬಿಸಿ ಉಸಿರು ಅವಳ ಅಂಗೈಗೆ ತಾಗುತ್ತಿತ್ತು. ಆ ಪೆಟ್ಟಿಗೆಯ ಮೇಲೆ, ಲಿಂಗರಾಜುವಿನ ಮೇಲೆ, ಗೇಟಿನಲ್ಲಿ ನೆಲ ನೋಡಿದವನ ಮೇಲೆ ಹೇಸಿಕೆ ಬಂದಿತ್ತು ನಿಜ. ಎಲ್ಲಕ್ಕಿಂತ ಹೆಚ್ಚು ಹೇಸಿಕೆ ಬಂದದ್ದು ತನ್ನ ಈ ಎರಡು ಕೈಗಳ ಮೇಲೆ.

ಸೆರಗು ತೆಗೆದಳು. ಉಸಿರು ಇತ್ತು.

ಹಿಂದಿನ ದಿನವೆಲ್ಲ ಮಳೆ ಹೊಯ್ದು ದಾರಿ ಕೆಸರೆದ್ದಿತ್ತು. ಸಣ್ಣಬೀರಯ್ಯ ಹಳ್ಳ ತಿಟ್ಟು ತಪ್ಪಿಸುತ್ತ, ಎತ್ತುಗಳಿಗೆ ಹೇಳುವಂತೆ ಜೀಪಿಗೆ "ಓ, ಮೆಲ್ಲುಕ್ಕೆ, ಮೆಲ್ಲುಕ್ಕೆ ನನ್ನಪ್ಪ" ಎಂದು ಹೇಳುತ್ತ ಓಡಿಸಿದ. ಅಂತರಸಂತೆ ದಾಟಿದ ಮೇಲೆ ಕಾಕನಕೋಟೆಯ ಕಾಡಿನ ತಣ್ಣನೆ ಗಾಳಿ ಬೀಸಿತು. ಒದ್ದೆ ಎಲೆ, ಒದ್ದೆ ಮಣ್ಣು, ಎಲ್ಲೋ ಆನೆ ಮುರಿದ ಬಿದಿರ ಮೆಳೆಯ ಹಸಿ ವಾಸನೆ. ಮಾದೇವ ದಾರಿಯುದ್ದಕ್ಕೂ ಮಾದಪ್ಪನ ಹೆಸರನ್ನು ತುಟಿಯೊಳಗೆ ಹೇಳಿಕೊಳ್ಳುತ್ತಿದ್ದ. ಪುಟ್ಟತಾಯಮ್ಮನಿಗೆ ದೇವರ ಹೆಸರು ಬಾಯಿಗೆ ಬರಲಿಲ್ಲ. ಉಸಿರನ್ನೇ ನೋಡುತ್ತಿದ್ದಳು. ಅದು ತಡೆದರೆ ಇವಳದೂ ತಡೆಯುತ್ತಿತ್ತು. ಹೊರಟರೆ ಇವಳದೂ ಹೊರಡುತ್ತಿತ್ತು.

ಮನೆಯ ಮುಂದೆ ಊರಿನ ಹಿರಿಯರು ಕಾದಿದ್ದರು. ಒಬ್ಬ ಮುದುಕ ಹತ್ತಿರ ಬಂದು ಕೆಂಪಾಜಮ್ಮನ ಮೂಗಿಗೆ ಬೆರಳು ಹಿಡಿದು, "ಅದೆ," ಎಂದ. "ಒಳಕ್ಕೆ ತಕ್ಕೊಳ್ಳಿ."

ಹೊಸಲು ದಾಟಿತು. ನಡುಮನೆಯ ಕಂಬದ ಹತ್ತಿರ ಚಾಪೆ ಹಾಸಿ ಮಲಗಿಸಿದರು. ಪಕ್ಕದ ಮನೆಯ ರಾಮಮ್ಮ ದೀಪ ಹಚ್ಚಿದಳು. ಪುಟ್ಟತಾಯಮ್ಮ ಚಿಕ್ಕದೇವಮ್ಮನ ಬೆಟ್ಟದ ತೀರ್ಥವನ್ನು ತುಳಸಿಯ ಎಲೆಯಲ್ಲಿ ಅದ್ದಿ ಬಗ್ಗಿದಳು. "ಅತ್ತೆ, ಮನೆಗ್ ಬಂದಿದ್ದೀಯ ಕಣೆ. ನೋಡು, ನಡುಮನೆ. ನೋಡು, ಮಾವ ನಿಲ್ಸಿದ ಕಂಬ."

ಕೆಂಪಾಜಮ್ಮ ಕಣ್ಣು ತೆರೆದಳು. ಕಂಬವನ್ನು ನೋಡಿದಳು. ತೊಲೆಯನ್ನು ನೋಡಿದಳು. ಆಮೇಲೆ ಸೊಸೆಯನ್ನು ನೋಡಿದಳು. ತುಟಿ ಅಲುಗಿತು. ಏನೋ ಹೇಳುತ್ತಾಳೆಂದು ಎಲ್ಲರೂ ಬಗ್ಗಿದರು. ಕೇಳಿಸಿದ್ದು ಪುಟ್ಟತಾಯಮ್ಮನಿಗೆ ಮಾತ್ರ.

"ಮೊಖ... ಯಾಕ್ ಮುಚ್ದೆ, ಪುಟ್ಟಿ?"

ಎಲ್ಲವೂ ಗೊತ್ತಾಗಿತ್ತು ಈ ಜೀವಕ್ಕೆ. ಮಂಚದಿಂದ ಇಳಿಸಿದ್ದು, ಗಾಳಿ ಕಿತ್ತದ್ದು, ಬಟ್ಟೆ ಎಳೆದದ್ದು. ಮಾತಾಡಲಾಗದೆ ಮಲಗಿ ಎಲ್ಲವನ್ನೂ ಕೇಳಿಸಿಕೊಂಡಿತ್ತು.

"ಧೂಳು ಕಣತ್ತೆ," ಎಂದಳು. "ದಾರೀಲಿ ಧೂಳು ಬತ್ತಿತ್ತು."

ಅವಳ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಕೆಂಪಾಜಮ್ಮ ಬಾಯಿ ತೆರೆದು ತೀರ್ಥ ತೆಗೆದುಕೊಂಡಳು. ದೀಪದ ಎಣ್ಣೆ ಇನ್ನೊಮ್ಮೆ ಹಾಕುವ ಮೊದಲೇ, ಯಾರಿಗೂ ತೊಂದರೆ ಕೊಡದೆ, ಉಸಿರು ನಿಂತಿತು.

ಊರೇ ಸೇರಿತು. ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿ, ಹೂವಿನ ಹಾರ ಹಾಕಿ, ಹಣೆಗೆ ವಿಭೂತಿ ಇಟ್ಟರು. ಬಂದವರೆಲ್ಲ ಪುಟ್ಟತಾಯಮ್ಮನ ಬೆನ್ನು ಸವರಿದರು. "ಸೊಸೆ ಅಂದ್ರೆ ಇವ್ಳು ಕಣಮ್ಮ. ಹೊಟ್ಟೇಲಿ ಹುಟ್ಟಿದ ಮಗ್ಳು ಇಂಗ್ ಮಾಡ್ತಿರ್ನಿಲ್ಲ." "ಆ ಆಸ್ಪತ್ರೇರೂ ಒಳ್ಳೇರು ಕಣ. ಹೊತ್ತಿಗ್ ಸರಿಯಾಗಿ ಬುಟ್ಟವ್ರೆ." ಕೊನೆಯ ಮಾತು ಕೇಳಿ ಪುಟ್ಟತಾಯಮ್ಮ ಎದ್ದು ಹಿತ್ತಲಿಗೆ ಹೋದಳು. ಒಲೆಯ ಬೂದಿ ತೆಗೆದುಕೊಂಡು ಎರಡೂ ಕೈಗಳನ್ನು ಉಜ್ಜಿದಳು. ತೊಳೆದಳು. ಮತ್ತೆ ಉಜ್ಜಿದಳು. ಹಿಂದೆಯೇ ಬಂದ ರಾಮಮ್ಮ, "ಯಾಕವ್ವ, ಕೈಗೇನಾಗದೆ?" ಎಂದಳು. ಇವಳು ತೋರಿಸಿದಳು. ಅಲ್ಲಿ ಏನೂ ಇರಲಿಲ್ಲ.

"ಬಾ, ನೀನು ಸೊಲ್ಲೆತ್ತದೆ ಯಾರೂ ಅಳಂಗಿಲ್ಲ," ಎಂದು ರಾಮಮ್ಮ ಕರೆದುಕೊಂಡು ಬಂದಳು.

ಆ ಊರಿನಲ್ಲಿ ಸತ್ತವರನ್ನು ಹಾಡಿ ಅಳುತ್ತಾರೆ. ಹಿರಿಯ ಸೊಸೆ ಮೊದಲ ಸೊಲ್ಲು ಎತ್ತಬೇಕು, ಹೆಂಗಸರು ಅದನ್ನು ಹಿಂದೆ ಹೇಳಬೇಕು. ಸತ್ತವಳ ಗುಣ, ಸತ್ತವಳ ಕೈರುಚಿ, ಅವಳು ಸಾಕಿದ ಹಸು, ಹೀಗೆ. ಪುಟ್ಟತಾಯಮ್ಮ ಅತ್ತೆಯ ಕಾಲ ಬುಡದಲ್ಲಿ ಕೂತಳು. ಬೆಳಗಿನಿಂದ ಕಟ್ಟಿದ್ದು ಆಗ ಒಡೆಯಿತು.

"ಧೂಳಿರ್ನಿಲ್ಲ ನನ್ನತ್ತೆ, ದಾರೀಲಿ ಧೂಳಿರ್ನಿಲ್ಲ," ಎಂದು ದನಿ ತೆಗೆದಳು. "ಗೇಟಿಗೆ ನೀ ಸತ್ತಿರ್ಬೇಕಿತ್ತು ನನ್ನತ್ತೆ, ನಿನ್ನ ಮೊಖವ ನಾ ಮುಚ್ದೆ."

ಮಾದೇವ ಬಾಗಿಲಲ್ಲಿ ಕುಸಿದು ಕೂತ. ಸುತ್ತ ಇದ್ದ ಹೆಂಗಸರಿಗೆ ಏನೂ ತಿಳಿಯಲಿಲ್ಲ. ಆದರೂ ದುಃಖದ ಮಾತು ದುಃಖದ್ದೇ. ಅವರೆಲ್ಲ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು, ತೂಗಾಡುತ್ತ, ಒಂದೇ ದನಿಯಲ್ಲಿ ಹಿಂದೆ ಹೇಳಿದರು:

"ಧೂಳಿರ್ನಿಲ್ಲ ನಮ್ಮವ್ವ, ದಾರೀಲಿ ಧೂಳಿರ್ನಿಲ್ಲ."